ಎರಡು ಚಿಪ್, ಒಂದು ಕಿವಿ

ನಮ್ಮ ಕಾಲೇಜಿನ ಇಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಒಬ್ಬ ಸರ್ ಇದ್ದರು. ಅವರ ಮೇಜಿನ ಖಾನೆಯಲ್ಲಿ ಯಾವಾಗಲೂ ಒಂದು ಹಳೆಯ ಇಳಕಲ್ ಸೀರೆಯ ತುಂಡು ಮಡಚಿಟ್ಟಿರುತ್ತಿತ್ತು. ವೈರು, ಮೀಟರು, ಸ್ಕ್ರೂಡ್ರೈವರುಗಳ ನಡುವೆ ಸೀರೆ ಕಂಡು ಹೊಸಬರು ಯಾರಾದರೂ ಹುಬ್ಬೇರಿಸಿದರೆ, "ಹಂಗ್ಯಾಕ ನೋಡ್ತೀರಿ? ಈ ಸ್ಟಾಫ್ ರೂಮಿನ್ಯಾಗ ಸುಳ್ಳು ಹೇಳದ ಸಾಮಾನು ಅದೊಂದ" ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ಕಾಲೇಜಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು 'ಚಿಪ್ ಸರ್' ಎಂದೇ ನೆನೆದರು. ತಪ್ಪೇನಿಲ್ಲ, ಬದುಕಿದ್ದಾಗಲೂ ಬೆನ್ನ ಹಿಂದೆ ಹಾಗೇ ಕರೆಯುತ್ತಿದ್ದರು. ಆದರೆ ಹಾಡು ಬಿಟ್ಟು ಕುಳಿತಿದ್ದ ಒಬ್ಬ ಕನ್ನಡ ಮೇಡಂ ಮತ್ತೆ ಬಾಯಿ ತೆರೆದದ್ದು ಅವರಿಂದ ಎನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಮೇಡಂ ನಾನು. ಗೊತ್ತಾಗದಂತೆ ನೋಡಿಕೊಂಡವಳೂ ನಾನೇ.

ಸರ್ ಇಳಕಲ್ಲಿನವರು. ಮನೆತನದ ಕಸುಬು ಸೀರೆ ವ್ಯಾಪಾರ. ಅಣ್ಣತಮ್ಮಂದಿರು ಅಂಗಡಿಯ ಗಾದಿಯ ಮೇಲೆ ಕುಳಿತರೆ ಇವರು ಅಂಗಡಿಯ ರೇಡಿಯೋ ಬಿಚ್ಚಿಕೊಂಡು ಕುಳಿತರಂತೆ; ಅದನ್ನು ಮತ್ತೆ ಜೋಡಿಸಲು ಬರದೆ, ಕಲಿಯೋಣವೆಂದು ಹೋದವರು ಕಲಿಸುವವರಾಗಿಬಿಟ್ಟರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಾಡಿಗೆ ಮನೆ ಮಾಡಿದ್ದರೂ ಶನಿವಾರ ಮಧ್ಯಾಹ್ನ ಹುನಗುಂದದ ಮೇಲಿಂದ ಹೋಗುವ ಬಸ್ಸು ಹತ್ತಲೇಬೇಕು. ಸೋಮವಾರ ಬರುವಾಗ ದಾರಿಯಲ್ಲಿ ಅಮೀನಗಡದ ಕರದಂಟು ಕಟ್ಟಿಸಿಕೊಂಡೇ ಬರಬೇಕು. ನಮ್ಮ ಸ್ಟಾಫ್ ರೂಮಿನಲ್ಲಿ ಸೋಮವಾರದ ಹಾಜರಿ ಚೆನ್ನಾಗಿರುತ್ತಿದ್ದುದಕ್ಕೆ ಕಾರಣ ಶಿಸ್ತು ಎಂದು ಪ್ರಿನ್ಸಿಪಾಲರು ತಿಳಿದಿದ್ದರು.

ಏನು ಕೈಗೆ ಸಿಕ್ಕರೂ ಬೆರಳ ಗೆಣ್ಣಿನಿಂದ ಕುಟ್ಟಿ ನೋಡುವುದು ಅವರ ಚಾಳಿ. ಹೊಸ ಟಂಬ್ಲರ್, ಮೇಜು, ಕಲ್ಲಂಗಡಿ, ಪ್ರಿನ್ಸಿಪಾಲರ ಕೋಣೆಯ ಬಾಗಿಲು, ಯಾವುದನ್ನೂ ಬಿಟ್ಟವರಲ್ಲ. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿದ್ದರೆ ಮಾತು ನಿಲ್ಲಿಸಿ ಅದನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಮದುವೆಗೆ ಹೋದರೆ ವಧೂವರರಿಗಿಂತ ಮೊದಲು ಮೈಕಿನವನನ್ನು ಮಾತಾಡಿಸಬೇಕು. ಊಟಕ್ಕೆ ಕುಳಿತಾಗಲೂ ಅವರ ಮುಖ ನೋಡಿದರೆ ಸ್ಪೀಕರ್ ಹೇಗಿದೆ ಎಂದು ತಿಳಿಯುತ್ತಿತ್ತು.

ಇನ್ನು ಚಿಪ್ಪಿನ ಕತೆ. ನಾನು ಕನ್ನಡದವಳು, ನನಗೆ ತಿಳಿದಷ್ಟು ಹೇಳುತ್ತೇನೆ. ಈಗಿನ ಹಾಡೆಲ್ಲ ಬರೀ ಅಂಕಿಗಳಾಗಿ ಫೋನಿನಲ್ಲೋ ಡಿಸ್ಕಿನಲ್ಲೋ ಕುಳಿತಿರುತ್ತದೆ. ಆ ಅಂಕಿಗಳನ್ನು ಮತ್ತೆ ದನಿಯಾಗಿಸುವ ಕೆಲಸ ಒಂದು ಪುಟ್ಟ ಚಿಪ್ಪಿನದು. ಕೆಲವು ಯಂತ್ರಗಳಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಚಿಪ್. ಇನ್ನು ಕೆಲವು ದುಬಾರಿ ಯಂತ್ರಗಳಲ್ಲಿ ಎಡಗಿವಿಗೊಂದು, ಬಲಗಿವಿಗೊಂದು. ಒಂದು ಸಾಕೋ, ಎರಡು ಬೇಕೋ? ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಗಳಿವೆ ಎಂದು ಸರ್‌ಗೆ ಯಾರೂ ಮನವರಿಕೆ ಮಾಡಿಕೊಡಲು ಆಗಲಿಲ್ಲ.

"ಮದಿವ್ಯಾಗ ಪಂಕ್ತಿ ಊಟ ನೋಡ್ರಿ" ಎಂದು ಶುರುಮಾಡುತ್ತಿದ್ದರು. "ಒಬ್ಬಾವನ ಎರಡೂ ಸಾಲಿಗೆ ಹುಗ್ಗಿ ನೀಡಕೋತ ಹೊಂಟಾನ. ಈ ಕಡೆ ಒಂದು ಸೌಟು, ಆ ಕಡೆ ಒಂದು ಸೌಟು. ಎಲ್ಲಾರಿಗೂ ಊಟ ಆಗತೈತಿ, ಖರೆ. ಆದ್ರ ಆ ಸಾಲಿನ ಹುಗ್ಗಿ ಈ ಸಾಲಿನ್ಯಾಗ ಒಂಚೂರು ತುಳಕತೈತಿ. ಸಾಲಿಗೊಬ್ಬಾಂವ ಇದ್ರ ತುಳಕಂಗಿಲ್ಲ."

ಅವರ ಖಾಯಂ ವೈರಿ, ಅಂದರೆ ಖಾಸಾ ಗೆಳೆಯ, ಗಣಿತದ ಸರ್. ಅವರು ಕರದಂಟು ಬಾಯಲ್ಲಿಟ್ಟುಕೊಂಡೇ ಉತ್ತರ ಕೊಡುತ್ತಿದ್ದರು. "ಲೇ, ಹಸಿದು ಕುಂತಾಂವ ಹುಗ್ಗಿ ನೋಡ್ತಾನೋ, ನೀಡಾವ್ನ ಮಾರಿ ನೋಡ್ತಾನೋ? ಒಂದ ಚಿಪ್ ಸಾಕು. ಎರಡನೇದು ಅಂಗಡಿಯಾವ್ನ ಹೊಟ್ಟಿಗೆ."

ಈ ಜಗಳ ತೀರಿಸುವುದಕ್ಕೇ ಆ ಸೀರೆಯ ತುಂಡು ಇದ್ದದ್ದು. ಮೇಜಿನ ಮೇಲೆ ಎರಡು ಪ್ಲೇಯರ್ ಇಡುವರು, ಒಂದು ಚಿಪ್ಪಿನದೊಂದು, ಎರಡು ಚಿಪ್ಪಿನದೊಂದು. ಎರಡನೆಯದು ಅವರ ಮುದ್ದಿನದು. ಅದನ್ನು ಒರೆಸುವಾಗ ಮಗುವಿನ ಮುಖ ಒರೆಸಿದಂತೆ ಒರೆಸುವರು. ಮೊದಲು ಮೀಟರ್ ಹಿಡಿದು ಎರಡರ ಸಪ್ಪಳವನ್ನೂ ಸಮ ಮಾಡಬೇಕು. "ಎಳ್ಳಷ್ಟು ಜೋರಿದ್ದದ್ದು ಮನಶ್ಯಾಗ ಚಲೋ ಅನಸತೈತ್ರಿ. ಆ ಮೋಸ ಮೊದಲ ತಗೀಬೇಕು." ಆಮೇಲೆ ಎರಡರ ಮೇಲೂ ಸೀರೆ ಮುಚ್ಚುವುದು. "ಕಣ್ಣಿಗೆ ಕಂಡ್ರ ಕಿವಿ ಕೆಲಸಾ ಬಿಟ್ಟು ಕುಂದರತೈತಿ." ಬಳಿಕ ಒಬ್ಬೊಬ್ಬರ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಮೊದಲನೆಯದೋ ಎರಡನೆಯದೋ ಎಂದು ಕೇಳುವುದು. ಯಾವುದು ಯಾವುದೆಂದು ಅವರಿಗೂ ತಿಳಿಯದಿರಲಿ ಎಂದು ವೈರು ಬದಲಿಸುವ ಕೆಲಸ ಗಣಿತದ ಸರ್‌ದು.

ಒಮ್ಮೆ ತಾವೇ ಕೇಳಿ, ಕಣ್ಣು ಮುಚ್ಚಿ ತಲೆದೂಗಿ, "ಇದ ನೋಡ್ರಿ ಎರಡು ಚಿಪ್ಪಿನದು!" ಎಂದರು. ಸೀರೆ ಸರಿಸಿದರೆ ಅದು ಒಂದು ಚಿಪ್ಪಿನದು. ಸ್ಟಾಫ್ ರೂಮಿನಲ್ಲಿ ನಗುವೋ ನಗು. ಬೇರೆಯವರಾಗಿದ್ದರೆ ವೈರಿನ ಮೇಲೋ ಕರೆಂಟಿನ ಮೇಲೋ ಹಾಕುತ್ತಿದ್ದರು. ಸರ್ ಎದ್ದು ಹೋಗಿ ಬೋರ್ಡಿನ ಮೇಲೆ ತಮ್ಮ ಹೆಸರು ಬರೆದು ಎದುರಿಗೆ 'ತಪ್ಪು' ಎಂದು ಬರೆದರು. ಚಹಾ ತಾವೇ ತರಿಸಿದರು.

ಇಷ್ಟು ಸತ್ಯವಂತ ಮನುಷ್ಯ ನನಗಾಗಿ ಅದೇ ಮೇಜಿನ ಮುಂದೆ ಒಂದು ಸುಳ್ಳು ಹೇಳಿದರು.

ಅದನ್ನು ಹೇಳುವ ಮೊದಲು ನನ್ನ ಕಿವಿಯ ವಿಷಯ ಹೇಳಬೇಕು. ಒಂದು ದಿನ ಬೆಳಿಗ್ಗೆ ಎದ್ದಾಗ ಬಲಗಿವಿಯಲ್ಲಿ ಅರಳೆ ತುರುಕಿದಂತಿತ್ತು. ನೆಗಡಿ ಎಂದುಕೊಂಡು ಬಿಟ್ಟೆ. ದವಾಖಾನೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ನರ ಸೋತಿದೆ, ಇನ್ನು ಆ ಕಿವಿ ಬರುವುದಿಲ್ಲ ಎಂದರು ಡಾಕ್ಟರು. ಮನೆಯವರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಹುಡುಗರಿಗೆ ಗೊತ್ತಾದರೆ ತರಗತಿಯ ಬಲಭಾಗದ ಬೆಂಚುಗಳು ಬಜಾರವಾಗುತ್ತಿದ್ದವು. 'ಕಿವುಡಿ ಮೇಡಂ' ಎನ್ನಿಸಿಕೊಳ್ಳುವುದಕ್ಕೆ ನಾನು ತಯಾರಿರಲಿಲ್ಲ.

ಅದಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದದ್ದು ಹಾಡಿಗೆ. ನಾನು ಗುಡೂರಿನವಳು. ಅವ್ವ ಕಸ ಗುಡಿಸುವಾಗಲೂ ವಚನ ಹಾಡುತ್ತಿದ್ದಳು, ಅವಳಿಂದ ಕಲಿತೆ. ನಮ್ಮ ಓಣಿಯ ಹೆಣ್ಣುಮಕ್ಕಳ ಸೋಮವಾರದ ಪ್ರಾರ್ಥನೆಯಲ್ಲಿ ಮೊದಲು ಹಾಡು ಎತ್ತಿಕೊಡುವವಳು ನಾನೇ, ಕಾಲೇಜಿನ ಯಾವ ಸಮಾರಂಭವಿದ್ದರೂ ಪ್ರಾರ್ಥನೆ ನನ್ನದೇ. ಕಿವಿ ಹೋದ ಮೇಲೆ ಒಂದು ಸೋಮವಾರ ಹಾಡುತ್ತಿದ್ದಾಗ, ಬಲಕ್ಕೆ ಕುಳಿತ ಹಾರ್ಮೋನಿಯಂ ಎಲ್ಲೋ, ನನ್ನ ದನಿ ಎಲ್ಲೋ. ನನಗೆ ಅದು ತಿಳಿದದ್ದು ಎದುರಿಗಿದ್ದ ಹಿರಿಯಳೊಬ್ಬಳು ಕಣ್ಣು ಕೆಳಗೆ ಹಾಕಿದಾಗ. ಆವತ್ತಿನಿಂದ ಗಂಟಲು ಸರಿಯಿಲ್ಲ ಎನ್ನುತ್ತಾ ಬಂದೆ. ಹಾಡು ಕೇಳುವುದನ್ನೂ ಬಿಟ್ಟೆ.

ಸರಿ, ಸೀರೆಯ ಪರೀಕ್ಷೆಗೆ ಬರೋಣ. ಆ ದಿನ ಮೊದಲ ಸರದಿ ನನ್ನದು. ತಪ್ಪಿಸಿಕೊಳ್ಳಲು ಆಗದೆ ಹೆಡ್‌ಫೋನ್ ಹಾಕಿಕೊಂಡೆ, ಎರಡನ್ನೂ ಕೇಳಿದೆ, ಏನೋ ಒಂದು ಹೇಳಬೇಕಲ್ಲ ಎಂದು, "ಎರಡನೇದು ಭಾಳ ಸ್ವಚ್ಛ ಐತ್ರಿ ಸರ" ಎಂದೆ. ನನ್ನ ನಂತರ ಗಣಿತದ ಸರ್ ವೈರಿನ ಕೆಲಸ ಇನ್ನೊಬ್ಬರಿಗೆ ಬಿಟ್ಟು ತಾವೇ ಹಾಕಿಕೊಂಡರು. ಎರಡನೆಯದು ಶುರುವಾದದ್ದೇ ತಡ, "ಏ, ಬಲಗಡೆ ಸತ್ತೈತಲ್ಲೋ ಇದು! ಸಪ್ಪಳನ ಇಲ್ಲ!" ಎಂದು ಕೂಗಿದರು. ಬಲಗಡೆಯ ವೈರು ಕಳಚಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು. "ಅರ್ಧಾ ಹಾಡು ಕೇಳಿ ಸ್ವಚ್ಛ ಐತಿ ಅಂದ್ರಲ್ರಿ ಮೇಡಮ್ಮಾರ!" ಎಂದು ಯಾರೋ ನಕ್ಕರು.

ಚಿಪ್ ಸರ್ ಒಬ್ಬರು ನಗಲಿಲ್ಲ. ನನ್ನನ್ನು ಒಮ್ಮೆ ನೋಡಿದರು. ತಟ್ಟನೆ ಬಗ್ಗಿ ವೈರು ಹಿಡಿದು, "ಈಗಿನ್ನ ನನ್ನ ಕೈ ತಾಗಿ ಕಳಚೇತ್ರೆಪಾ. ಮೇಡಮ್ಮಾರು ಕೇಳೂಮುಂದ ಸರಿ ಇತ್ತು. ಇವತ್ತಿನ ಪರೀಕ್ಷಾ ರದ್ದು" ಎಂದು ಸೀರೆ ಮಡಚಿಬಿಟ್ಟರು. ಅವರ ಕೈ ಆ ವೈರಿನ ಹತ್ತಿರಕ್ಕೂ ಹೋಗಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅದರ ಮುಂದಿನ ತಿಂಗಳು ಹುಡುಗರನ್ನು ಬಾದಾಮಿಗೆ ಕರೆದುಕೊಂಡು ಹೋದೆವು. ಗುಹೆ ನೋಡಿ ಇಳಿದು ಕೆಳಗೆ ಹೊಂಡದ ದಂಡೆಯಲ್ಲಿ ನಿಂತಿದ್ದಾಗ ಒಬ್ಬ ಹುಡುಗಿ, "ಮೇಡಂ, ಮಂಗ್ಯಾ ನನ್ನ ಚೀಲಾ ಒಯ್ತ್ರಿ!" ಎಂದು ಚೀರಿದಳು. ನಾನು ಗಾಬರಿಯಾಗಿ ಎಡಕ್ಕೆ ಓಡಿದೆ. ಹುಡುಗಿ ಇದ್ದದ್ದು ಬಲಕ್ಕೆ, ಹತ್ತು ಮಾರು ದೂರದಲ್ಲಿ. ಒಂದು ಕಿವಿಯವರಿಗೆ ದನಿ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ, ಅದು ಆಗಿನ್ನೂ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಚೀಲ ಹೇಗೋ ಸಿಕ್ಕಿತು. ಮೆಟ್ಟಿಲ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದಾಗ ಸರ್ ಬಂದರು. ಬಲಕ್ಕೆ ಜಾಗವಿದ್ದರೂ ಸುತ್ತು ಹಾಕಿ ಎಡಕ್ಕೆ ಬಂದು ಕುಳಿತರು.

"ಬಲಗಿವಿ ಯಾವಾಗಿಂದ್ರಿ ಮೇಡಮ್ಮಾರ?"

ನನಗೆ ಸಿಟ್ಟೇ ಬಂತು. "ಯಾರ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ. ಸ್ಟಾಫ್ ರೂಮಿನ್ಯಾಗ ಬಲಕ್ಕ ಗ್ವಾಡಿ ಇರೋ ಕುರ್ಚಿನ ಹಿಡೀತೀರಿ. ಯಾಕಿರಬೇಕು ಅಂತಿದ್ದೆ. ಆ ವೈರ್ ಕಳಚಿದ ದಿನಾ ಗೊತ್ತಾತು."

ಸಿಟ್ಟು ಎಲ್ಲಿ ಹೋಯಿತೋ, ಅವ್ವನ ವಚನದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಹಾಡು ಹೋಯಿತು ಸರ, ಎಂದೆ. ಅವರು ಪಾಪ ಎನ್ನಲಿಲ್ಲ, ದೇವರಿದ್ದಾನೆ ಎನ್ನಲಿಲ್ಲ. ಕುಳಿತ ಮೆಟ್ಟಿಲಿನ ಕಲ್ಲನ್ನು ಬೆರಳಿನಿಂದ ಕುಟ್ಟಿ ನೋಡಿದರು.

"ಹಾಡು ಹೋಗಿಲ್ರಿ. ಎರಡು ಕಿವಿ ಇದ್ದಾವ್ರು ಎರಡು ಕಿವಿ ಇದ್ದಾವ್ರಿಗಂತ ಮಾಡಿಟ್ಟಾರ. ತಂಬೂರಿ ಎಡಕ್ಕ, ತಬಲಾ ಬಲಕ್ಕ ಕುಂದರ್ಸಿರ್ತಾರ. ನಿಮ್ಮ ಅರ್ಧಾ ಹಾಡು ಮುಚ್ಚಿದ ಬಾಗಲಾ ಬಡಿಯಾಕತ್ತೈತಿ. ಅದನ್ನ ಈ ಕಡೆ ಕರ್ಕೊಂಡು ಬಂದ್ರ ಆತು."

ಕೆಲವು ವಾರಗಳ ನಂತರ ಒಂದು ಸೋಮವಾರ ಕರದಂಟಿನ ಜೊತೆ ಒಂದು ಅಲ್ಯೂಮಿನಿಯಂ ಊಟದ ಡಬ್ಬಿ ತಂದರು. ಎಲ್ಲರೂ ತರಗತಿಗೆ ಹೋಗುವ ತನಕ ಕಾದು ನನ್ನ ಮುಂದಿಟ್ಟರು. ಡಬ್ಬಿಗೆ ಒಂದು ಗುಂಡಿ, ಒಂದು ದೀಪ, ಪುಟ್ಟ ಮೈಕು, ಮತ್ತು ಎಡಗಿವಿಗೆ ಮಾತ್ರ ಇರುವ ಹೆಡ್‌ಫೋನ್. ಅವರ ಮೇಜಿನ ಮೇಲೆ ಮುದ್ದಿನ ಪ್ಲೇಯರ್ ಇರಲಿಲ್ಲ ಎನ್ನುವುದನ್ನು ನಾನು ಆಗಷ್ಟೇ ಗಮನಿಸಿದೆ.

"ಅದನ್ನ ಒಡದ್ರೇನ್ರಿ ಸರ?"

"ಒಡದಿಲ್ಲ, ಬಿಚ್ಚೇನಿ. ಕೇಳ್ರಿಲ್ಲೆ. ನಮ್ಮೂರ ಸೀರಿ ಒಡಲಿಗೆ ಬ್ಯಾರೆ ನೇಯ್ದ ಸೆರಗು ಕೊಂಡಿ ಹಾಕಿ ಕೂಡಿಸ್ತೀವಲ್ಲ, ಹಂಗ ಎಡಾ ಬಲಾ ಎರಡೂ ಕೂಡಿಸಿ ಒಂದು ಮಾಡೇನಿ. ಆ ಒಂದನ್ನ ಎರಡೂ ಚಿಪ್ಪಿಗೆ ಕೊಟ್ಟೇನಿ. ಎರಡೂ ನಿಮ್ಮ ಎಡಗಿವಿಗೇ ಹಾಡ್ತಾವ."

"ಒಂದ ಕಿವಿಗೆ ಎರಡು ಚಿಪ್ ಯಾಕ್ರಿ? ದುಂದು ಅಲ್ಲೇನ್ರಿ?"

ಪಾಠ ಮಾಡಲು ಅವಕಾಶ ಸಿಕ್ಕಿತೆಂದು ಅವರ ಮುಖ ಅರಳಿತು. "ನಿಮ್ಮ ಸೋಮವಾರದ ಪ್ರಾರ್ಥನಿ ನೆನಸ್ಕೋರಿ. ಇಬ್ರು ಕೂಡಿ ಹಾಡಿದ್ರ ಹಾಡಿನ ಮ್ಯಾಲೆ ಹಾಡು ಕೂಡತೈತಿ. ಆದ್ರ ಇಬ್ರೂ ಒಮ್ಮಿಗೇ ಕೆಮ್ಮಂಗಿಲ್ಲ. ಒಬ್ಬಾಕಿ ಕೆಮ್ಮಿದ್ದು ಇನ್ನೊಬ್ಬಾಕಿ ದನಿಯೊಳಗ ಮುಚ್ಚಿ ಹೋಗತೈತಿ. ಚಿಪ್ಪಿಗೂ ಅದರದರದೊಂದು ಕೆಮ್ಮು ಇರತೈತ್ರಿ, ಸಣ್ಣದು. ಇಬ್ರಿದ್ರ ಕೆಮ್ಮು ಕಡಿಮಿ, ಹಾಡು ಹೆಚ್ಚು."

ಆಮೇಲೆ ದನಿ ತಗ್ಗಿಸಿ, "ಖರೆ ಹೇಳಬೇಕಂದ್ರ ಎಡಾ ಬಲಾ ಕೂಡಿಸೋದು ನಿಮ್ಮ ಫೋನಿನ್ಯಾಗೂ ಐತ್ರಿ. ಒಂದು ಗುಂಡಿ ಒತ್ತಿದ್ರ ಮುಗೀತು. ಅದನ್ನ ಹೇಳಿ ಸುಮ್ಮನಾಗಬಹುದಿತ್ತು. ಆದ್ರ ಇರೋದು ಒಂದ ಕಿವಿ, ಅದಕ್ಕ ಚಲೋದು ಸಿಗಲಿ ಅನಿಸ್ತು, ತಂಗೆವ್ವ" ಎಂದರು. ಅಲ್ಲಿಯ ತನಕ ನಾನು ಅವರಿಗೆ ಮೇಡಂ ಆಗಿದ್ದೆ.

ಹೆಡ್‌ಫೋನ್ ಹಾಕಿಕೊಂಡೆ. ಅವರು ನನ್ನ ಅವ್ವ ಹಾಡುತ್ತಿದ್ದ ಒಂದು ವಚನವನ್ನೇ ಎಲ್ಲಿಂದಲೋ ಹುಡುಕಿ ತಂದಿದ್ದರು. ತಂಬೂರಿ ಬಂತು, ದನಿ ಬಂತು, ಹಿಂದೆಯೇ ತಬಲಾ ಬಂತು. ಎಷ್ಟೋ ದಿನದಿಂದ ಮನೆಗೆ ಬಾರದಿದ್ದವರು ಬಂದು ಕಟ್ಟೆಯ ಮೇಲೆ ಕುಳಿತಂತಾಯಿತು. ನಾನು ಅತ್ತುಬಿಟ್ಟೆ. ಸರ್ ಕಿಟಕಿಯ ಕಡೆ ತಿರುಗಿ ಅದರ ಸರಳುಗಳನ್ನು ಒಂದೊಂದಾಗಿ ಕುಟ್ಟಿ ನೋಡುತ್ತಾ ನಿಂತರು.

ಆ ಡಬ್ಬಿಯ ಮೈಕಿನ ಮುಂದೆ ಕುಳಿತು ಹಾಡಿದರೆ ಶ್ರುತಿಯೂ ನನ್ನ ದನಿಯೂ ಒಟ್ಟಿಗೆ ಎಡಗಿವಿಗೆ ಬರುತ್ತಿದ್ದವು. ಎಲ್ಲಿ ಜಾರುತ್ತೇನೆ ಎಂದು ತಿಳಿಯತೊಡಗಿತು. ಮನೆಯಲ್ಲಿ ದಿನಾ ಕುಳಿತೆ. ಮೊದಮೊದಲು ನನಗೇ ಸಹಿಸಲು ಆಗುತ್ತಿರಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ದನಿ ತನ್ನ ಜಾಗ ಹುಡುಕಿಕೊಂಡಿತು. ಒಂದು ಸೋಮವಾರ ಹಾರ್ಮೋನಿಯಂ ಬಾರಿಸುವವಳನ್ನು, "ಇವತ್ತ ಈ ಕಡೆ ಕುಂದ್ರ ಬಾರವಾ" ಎಂದು ಎಡಕ್ಕೆ ಕರೆದು ವಚನ ಎತ್ತಿಕೊಟ್ಟೆ. ಕಣ್ಣು ಕೆಳಗೆ ಹಾಕಿದ್ದ ಆ ಹಿರಿಯಳು ಹಾಡು ಮುಗಿದ ಮೇಲೆ, "ಗಂಟಲಾ ಸರಿ ಆತೇನವಾ?" ಎಂದಳು. ಆತ್ರಿ, ಎಂದೆ.

ಇತ್ತ ಸ್ಟಾಫ್ ರೂಮಿನಲ್ಲಿ ಬೇರೆಯೇ ನಡೆದಿತ್ತು. ಎರಡು ಚಿಪ್ಪಿನ ಪ್ಲೇಯರ್ ಕಾಣದಿರುವುದು ಗಣಿತದ ಸರ್ ಕಣ್ಣಿಗೆ ಬೀಳದೆ ಇರುತ್ತದೆಯೇ? "ಎಲ್ಲಿ ಹೋತಲೇ ನಿನ್ನ ಪಟ್ಟದ ರಾಣಿ?" ಎಂದು ಕೆಣಕಿದರು. ಬಿಚ್ಚಿದ್ದೇಕೆಂದು ಹೇಳಿದರೆ ನನ್ನ ಕಿವಿಯ ವಿಷಯ ಹೊರಬೀಳುತ್ತದೆ. ಸರ್ ತಲೆ ಕೆರೆದುಕೊಂಡು, "ತಗದು ಹಾಕಿದೆ. ನೀ ಹೇಳಿದ್ದ ಖರೆ ಲೇ, ಒಂದ ಚಿಪ್ ಸಾಕು. ನಾ ಸೋತೆ" ಎಂದರು. ಗಣಿತದ ಸರ್ ಎಲ್ಲರಿಗೂ ಮಿರ್ಚಿ ಭಜಿ ತರಿಸಿ ವಿಜಯೋತ್ಸವ ಮಾಡಿದರು. ನಾನು ಕೈಯಲ್ಲಿ ಭಜಿ ಹಿಡಿದು ಕುಳಿತಿದ್ದೆ. ಚಿಪ್ ಸರ್ ಒಬ್ಬರೇ ಸಿಕ್ಕಾಗ, "ನನ್ನ ಸಲುವಾಗಿ ಸೋತ್ರಲ್ರಿ" ಎಂದೆ. "ಅಂವಗೂ ಒಮ್ಮೆ ಗೆಲ್ಲಬೇಕು ಅಂತಿರತೈತಿ, ಬಿಡವಾ" ಎಂದು ನಕ್ಕರು. ನಿವೃತ್ತಿಯಾಗುವ ತನಕ ಗಣಿತದ ಸರ್ ಆ ಸೋಲನ್ನು ಎತ್ತಿ ಆಡುತ್ತಲೇ ಇದ್ದರು, ಇವರು ಆಡಿಸಿಕೊಳ್ಳುತ್ತಲೇ ಇದ್ದರು.

ಅಷ್ಟು ವರ್ಷವೂ ಕಾರಿಡಾರಿನಲ್ಲಿ ಜೊತೆಗೆ ನಡೆದರೆ ಸರ್ ನನ್ನ ಎಡಕ್ಕೇ ಬರುತ್ತಿದ್ದರು. ಅದು ಅವರದೊಂದು ವಿಚಿತ್ರ ಚಾಳಿ ಎಂದು ಉಳಿದವರು ತಿಳಿದರು. ಅವರಿಗಿದ್ದ ಚಾಳಿಗಳ ನಡುವೆ ಇದು ಯಾರಿಗೂ ಹೆಚ್ಚೆನಿಸಲಿಲ್ಲ.

ಅವರ ಬೀಳ್ಕೊಡುಗೆಯ ದಿನ ಪ್ರಾರ್ಥನೆ ನನ್ನದು. ಹಾಡುವವರಿಗೆ ತಮ್ಮ ದನಿ ಕೇಳಿಸಲೆಂದು ಇಡುವ ಸಣ್ಣ ಸ್ಪೀಕರನ್ನು ಮೈಕಿನವನು ನನ್ನ ಬಲಕ್ಕೆ ಇಟ್ಟಿದ್ದ. ನಾನು ಏನು ಹೇಳಲಿ ಎಂದು ತಡವರಿಸುತ್ತಿದ್ದೆ. ಕೊರಳಲ್ಲಿ ಹಾರ, ಹೆಗಲಲ್ಲಿ ಶಾಲು, ತಲೆಗೆ ಪೇಟ ಸುತ್ತಿಕೊಂಡು ನಡುಕುರ್ಚಿಯಲ್ಲಿ ಕುಳಿತಿದ್ದ ಸತ್ಕಾರಮೂರ್ತಿಗಳು ಎದ್ದು ಬಂದರು. ಸ್ಪೀಕರನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಎಡಕ್ಕೆ ತಂದಿಟ್ಟು, ಕುಟ್ಟಿ ನೋಡಿ, ಹೋಗಿ ಕುಳಿತರು. ಸಭೆಯೆಲ್ಲ ನಕ್ಕಿತು. "ಹೋಗೂಮುಂದೂ ಬಿಡವಲ್ಲ ನೋಡ್ರಿ ಇಂವ!" ಎಂದು ಗಣಿತದ ಸರ್ ಮುಂದಿನ ಸಾಲಿನಿಂದ ಕೂಗಿದರು. ನಾನು ಹಾಡಿದೆ. ಚೆನ್ನಾಗಿ ಹಾಡಿದೆ.

ಈ ವರ್ಷ ಅವರು ಹೋದರು. ಇಳಕಲ್ಲಿಗೆ ಹೋಗಿ ಬಂದೆ. ಅವರ ಹೆಂಡತಿ ಒಳಗಿನಿಂದ ಆ ಸೀರೆಯ ತುಂಡನ್ನು ತಂದು ನನ್ನ ಉಡಿಯಲ್ಲಿಟ್ಟು, "ನಿಮ್ಮ ಡಬ್ಬಿ ಮ್ಯಾಲೆ ಹೊಚ್ರಿ, ಧೂಳಾ ಕೂಡತೈತಿ ಅಂತಿದ್ರು" ಎಂದರು. ಅವರೊಬ್ಬರಿಗೆ ಸರ್ ಹೇಳಿದ್ದರು ಎಂದು ಆಗ ತಿಳಿಯಿತು.

ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ಗಣಿತದ ಸರ್ ಮಾತಾಡಿದರು. "ನಾವಿಬ್ರು ಭಾಳ ಜಗಳಾಡೇವಿ. ಕಡೀಕ ಒಂದ ಚಿಪ್ ಸಾಕು ಅಂತ ಒಪ್ಪಿದ. ಸೋತೆ ಅನ್ನಾಕ ದೊಡ್ಡ ಮನಸು ಬೇಕ್ರಿ, ಅದು ಅಂವಗ ಇತ್ತು" ಎನ್ನುವಾಗ ಅವರ ದನಿ ಒಡೆಯಿತು. ಆಮೇಲೆ ಒಂದು ವಚನ ಹಾಡಲು ನನ್ನನ್ನು ಕರೆದರು. ವೇದಿಕೆ ಹತ್ತಿದೆ. ಸ್ಪೀಕರ್ ಬಲಕ್ಕಿತ್ತು.

ಫೋಟೋಕ್ಕೆ ಹಾಕಿದ ಹಾರದ ಕಡೆ ನೋಡಿದೆ. ಇನ್ನು ಯಾರೂ ಎದ್ದು ಬರುವುದಿಲ್ಲ ಎನ್ನುವುದು ನನಗೆ ನಿಜವಾಗಿ ತಿಳಿದದ್ದು ಆ ಗಳಿಗೆಯಲ್ಲಿ. ನಾನೇ ಬಗ್ಗಿ ಸ್ಪೀಕರನ್ನು ಎಡಕ್ಕೆ ಎಳೆದುಕೊಂಡೆ. ಮೈಕಿನವನು ಓಡಿ ಬಂದು, "ಅಲ್ಲೇ ಸರಿ ಇತ್ತಲ್ರಿ ಮೇಡಂ" ಎಂದ.

"ನನಗ ಬಲಗಿವಿ ಕೇಳ್ಸಂಗಿಲ್ಲಪಾ" ಎಂದೆ. ಮೈಕು ಚಾಲೂ ಇತ್ತು. ಸಭೆ ಪೂರ್ತಿ ಕೇಳಿಸಿಕೊಂಡಿತು. ಬಾಯಿ ತೆರೆದದ್ದಾಗಿತ್ತು, ಉಳಿದದ್ದನ್ನೂ ಹೇಳಿದೆ: ವೈರು ಕಳಚಿದ ದಿನ, ಬಾದಾಮಿಯ ಮೆಟ್ಟಿಲು, ಬಿಚ್ಚಿದ ಪ್ಲೇಯರ್, ಊಟದ ಡಬ್ಬಿಯೊಳಗೆ ಒಂದು ಕಿವಿಗಾಗಿ ಹಾಡುವ ಎರಡು ಚಿಪ್. ಆಮೇಲೆ ಹಾಡಿದೆ.

ಸಭೆ ಮುಗಿದು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಗಣಿತದ ಸರ್ ಕೋಲೂರಿಕೊಂಡು ನನ್ನ ಬಲಗಡೆಯಿಂದ ಬಂದರು. ಏನೋ ಹೇಳಲು ಬಾಯಿ ತೆರೆದವರು ನಿಂತರು. ನನ್ನ ಹಿಂದಿನಿಂದ ಮೆಲ್ಲಗೆ ಸುತ್ತು ಹಾಕಿ ಎಡಕ್ಕೆ ಬಂದರು.

"ಅಂದ್ರ, ಆ ಮಗಾ ಸೋತಿದ್ದಿಲ್ರಿ?"

"ಇಲ್ರಿ ಸರ" ಎಂದೆ.